ವಾಲಿಯ ಪ್ರಶ್ನೆ ಎಂಟನೇ ಟ್ರ್ಯಾಕಿನಲ್ಲಿ

ಸೀಡಿ ರೆಕಾರ್ಡರ್ ಅಂದ ಕೂಡಲೇ ಎಲ್ಲರಿಗೂ ಕಂಪ್ಯೂಟರಿನ ಹೊಟ್ಟೆಯೊಳಗಿದ್ದ ಡ್ರೈವ್ ನೆನಪಾಗುತ್ತದೆ. ನಾನು ಹೇಳಹೊರಟಿರುವುದು ಅದರ ಕಥೆಯಲ್ಲ. 1990ರ ದಶಕದ ಉತ್ತರಾರ್ಧದಲ್ಲಿ ಫಿಲಿಪ್ಸ್, ಪಯೊನಿಯರ್ ಮೊದಲಾದ ಕಂಪನಿಗಳು ಮನೆಯ ಸ್ಟೀರಿಯೋ ಪಕ್ಕದಲ್ಲೇ ಇಟ್ಟುಕೊಳ್ಳುವಂಥ ಒಂದು ಪೆಟ್ಟಿಗೆ ತಂದಿದ್ದವು. ಕಂಪ್ಯೂಟರಿನ ಹಂಗೇ ಬೇಡ. ಹಿಂದೆ ಕೆಂಪು, ಬಿಳಿ ವೈರು ಚುಚ್ಚಿ, ಮುಂದೆ ಖಾಲಿ ಸೀಡಿ ಹಾಕಿ, ಕ್ಯಾಸೆಟ್ಟನ್ನೋ ಎಲ್‌ಪಿಯನ್ನೋ ಹಚ್ಚಿ ರೆಕಾರ್ಡ್ ಗುಂಡಿ ಒತ್ತಿದರಾಯಿತು. ಒಂದು ಗಂಟೆಯ ಹಾಡಿಗೆ ಒಂದು ಗಂಟೆ ಕೂತಿರಬೇಕು ಅಷ್ಟೆ. ಕ್ಯಾಸೆಟ್ಟಿನಿಂದ ತೆಗೆಯುವಾಗ ಬೇಗ ಮುಗಿಸುವ ದಾರಿ ಇರಲಿಲ್ಲ. ಕೆಲವೇ ವರ್ಷ ಬಾಳಿದ ಯಂತ್ರ ಅದು. ಕಂಪ್ಯೂಟರ್ ಅಗ್ಗವಾಯಿತು, ಇದನ್ನು ಕೇಳುವವರು ಇಲ್ಲದಾದರು.

ನಮ್ಮ ಕಡೆಯ ಅಂಗಡಿಗಳಲ್ಲಿ ಅದನ್ನು ನಾನು ಕಂಡದ್ದೇ ಇಲ್ಲ. ನೋಡಿದ್ದು ಒಂದೇ ಒಂದನ್ನು, ಭಾವ ನ್ಯೂಜೆರ್ಸಿಯಿಂದ ಹೊತ್ತು ತಂದದ್ದನ್ನು. 2001ರ ಜುಲೈ, ಪುತ್ತೂರಿನ ಹತ್ತಿರದ ನಮ್ಮ ತೋಟದ ಮನೆ, ಹೊರಗೆ ಆಟಿಯ ಮಳೆ. ಭಾವ ಅದನ್ನು ಕೊಂಡದ್ದು ತನ್ನ ಎಲ್‌ಪಿಗಳಿಗಾಗಿ. ಆದರೆ ಆ ಸಲ ಊರಿಗೆ ಬರುವಾಗ ಅಕ್ಕ ಹಟ ಹಿಡಿದಳಂತೆ: ದೊಡ್ಡಪ್ಪನ ತಾಳಮದ್ದಳೆಯ ಕ್ಯಾಸೆಟ್ಟು ಬೂಷ್ಟು ಹಿಡಿದು ಹಾಳಾಗುವ ಮೊದಲು ಸೀಡಿಗೆ ಹಾಕಿಕೊಡಿ ಅಂತ. ಬಟ್ಟೆಬರೆಯ ಸೂಟ್‌ಕೇಸು ವಿಮಾನದ ಹೊಟ್ಟೆಗೆ ಹೋಯಿತು, ಯಂತ್ರ ಮಾತ್ರ ಭಾವನ ಕೈಯಲ್ಲೇ ಬಂತು.

ತಾಳಮದ್ದಳೆಯ ಪರಿಚಯ ಇಲ್ಲದವರಿಗೆ ಒಂದು ಮಾತು. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಮಳೆಗಾಲವಿಡೀ ಮನೆಯ ಚಾವಡಿಗಳಲ್ಲಿ, ದೇವಸ್ಥಾನಗಳಲ್ಲಿ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಚೆಂಡೆ ಮದ್ದಳೆ ಇರುತ್ತದೆ, ಎದುರುಬದುರು ಕೂತ ಅರ್ಥಧಾರಿಗಳು ಪಾತ್ರವಾಗಿ ಮಾತಾಡುತ್ತಾರೆ. ಪದ ಮಾತ್ರ ಪುಸ್ತಕದ್ದು, ಮಾತೆಲ್ಲ ಅಲ್ಲೇ ಹುಟ್ಟಬೇಕು. ಎದುರಿನವನು ಏನು ಕೇಳುತ್ತಾನೆ ಅಂತ ಮೊದಲೇ ಗೊತ್ತಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ ಕೇಳಲು ಜನ ಕೊಡೆ ಹಿಡಿದು ಮೈಲಿಗಟ್ಟಲೆ ನಡೆದು ಬರುತ್ತಿದ್ದ ಕಾಲ ಅದು. ನಮ್ಮ ದೊಡ್ಡಪ್ಪ ಅಷ್ಟು ದೊಡ್ಡವರಲ್ಲ, ಹವ್ಯಾಸಿ. ಆದರೆ ನಾಲ್ಕು ಗ್ರಾಮಗಳ ಮಟ್ಟಿಗೆ ಅವರ ವಾಲಿ ಅಂದರೆ ವಾಲಿಯೇ.

1981ರಲ್ಲಿ ನಮ್ಮ ಚಾವಡಿಯಲ್ಲೇ ವಾಲಿಮೋಕ್ಷ ಆಗಿತ್ತು. ದೊಡ್ಡಪ್ಪನ ವಾಲಿ, ಶಾಲೆಯ ಮಾಸ್ಟ್ರ ರಾಮ. ದುಬೈಯಿಂದ ಬಂದವರೊಬ್ಬರ ಟೂ-ಇನ್-ವನ್‌ನಲ್ಲಿ ಅದನ್ನು ರೆಕಾರ್ಡ್ ಮಾಡಿದ್ದರು. ಕ್ಯಾಸೆಟ್ಟುಗಳಲ್ಲಿ ಉಳಿದದ್ದು ಕೊನೆಯ ಒಂದೇ, ಅರುವತ್ತು ನಿಮಿಷದ್ದು, ಬಾಣ ಬಿದ್ದ ಮೇಲಿನ ವಾಲಿ–ರಾಮರ ಮಾತು. ಭಾವ ಯಂತ್ರ ತರುವ ಹೊತ್ತಿಗೆ ದೊಡ್ಡಪ್ಪ ತೀರಿಕೊಂಡು ಕೆಲವು ವರ್ಷ ಕಳೆದಿತ್ತು.

ಆ ರಾತ್ರಿಯ ಬಗ್ಗೆ ಊರಲ್ಲಿ ಒಂದು ಕಥೆ ನಿಂತುಬಿಟ್ಟಿತ್ತು. ನೆಲಕ್ಕೆ ಬಿದ್ದ ವಾಲಿ ರಾಮನನ್ನು ಕೇಳಿದನಂತೆ: ನೀನು ಮರದ ಮರೆಯಲ್ಲಿ ನಿಂತದ್ದು ನನಗೆ ಹೆದರಿಯೋ, ನಾಚಿಯೋ? ಹೆದರಿದ್ದಾದರೆ ನೀನು ಕ್ಷತ್ರಿಯನಲ್ಲ. ನಾಚಿದ್ದಾದರೆ ಮಾಡುತ್ತಿರುವುದು ಅಧರ್ಮ ಅಂತ ನಿನಗೇ ಗೊತ್ತಿತ್ತು. ಎರಡರಲ್ಲಿ ಯಾವುದು? ಮಾಸ್ಟ್ರು ಸಿಕ್ಕಿಬಿದ್ದರಂತೆ. ವೀಳ್ಯ ಹಾಕಿ, ಜಗಿದು, ಎದ್ದು ಹೋಗಿ ಉಗುಳಿ ಬರುವಷ್ಟು ಹೊತ್ತು ರಾಮ ಬಾಯಿ ಬಿಡಲಿಲ್ಲವಂತೆ. ಉತ್ತರ ಬಂದದ್ದೇನೋ ಹೌದು, ಅದನ್ನು ನೆನಪಿಟ್ಟವರು ಕಡಿಮೆ. ಮಾಸ್ಟ್ರು ಹತ್ತಿರ ಬಂದರೆ ‘ಹೆದರಿಯೋ ನಾಚಿಯೋ’ ಅಂತ ಪಿಸುಗುಟ್ಟುವ ಪೋಕರಿಗಳು ಅವರ ಶಿಷ್ಯರಲ್ಲೇ ಇದ್ದರು. ಮಾಸ್ಟ್ರು ಮಾತ್ರ ಇಪ್ಪತ್ತು ವರ್ಷದಿಂದ ಒಂದೇ ಮಾತು: “ನಾನು ತಕ್ಷಣ ಹೇಳಿದ್ದೇನೆ.”

ಯಂತ್ರಕ್ಕೆ ಬರುತ್ತೇನೆ. ಅದು ಅಮೆರಿಕದ ಕರೆಂಟಿನದು, 120 ವೋಲ್ಟು. ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಹೊಗೆಯೇ. ಮಧ್ಯೆ ಒಂದು ಭಾರದ ಟ್ರಾನ್ಸ್‌ಫಾರ್ಮರ್ ಬೇಕಾಯಿತು, ಅದು ಚಾವಡಿಯಲ್ಲಿ ಗುಂಯ್ ಅನ್ನುತ್ತಾ ಕೂತಿತು. ಎರಡನೆಯ ರಗಳೆ ಖಾಲಿ ಸೀಡಿಯದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ರಾಶಿ ರಾಶಿ ಸಿಗುತ್ತಿದ್ದ ಕಂಪ್ಯೂಟರ್ ಸೀಡಿಯನ್ನು ಈ ಯಂತ್ರ ಮುಟ್ಟುವುದಿಲ್ಲ. ‘ಡಿಜಿಟಲ್ ಆಡಿಯೋ’ ಅಂತ ಗುರುತಿರುವ ಬೇರೆ ಜಾತಿಯದೇ ಬೇಕು. ಎರಡರ ಮೈಯೂ ಒಂದೇ, ಬಣ್ಣವೂ ಒಂದೇ. ಒಳಸುತ್ತಿನಲ್ಲಿ ಮೊದಲೇ ಅಚ್ಚಾಗಿರುವ ಒಂದು ಸಂಕೇತ ಮಾತ್ರ ಬೇರೆ. ಅಮೆರಿಕದಲ್ಲಿ 1992ರಲ್ಲಿ ಬಂದ ಕಾನೂನಿನಂತೆ ಮನೆಯ ಡಿಜಿಟಲ್ ರೆಕಾರ್ಡರಿನ ಬೆಲೆಯಲ್ಲಿ ಶೇಕಡಾ 2, ಖಾಲಿ ಸೀಡಿಯ ಬೆಲೆಯಲ್ಲಿ ಶೇಕಡಾ 3 ಸಂಗೀತದವರ ನಿಧಿಗೆ ಹೋಗಬೇಕು. ಜನ ಹಾಡು ಕದಿಯುತ್ತಾರೆ ಅಂತ ಮುಂಗಡ ದಂಡ. ನಮ್ಮ ದೊಡ್ಡಪ್ಪನ ವಾಲಿಗಾಗಿ ಅಮೆರಿಕದ ಯಾರೋ ಹಾಡುಗಾರನಿಗೆ ನಾಲ್ಕು ಕಾಸು ಸಂದಿರಬೇಕು. ಆ ಪುಣ್ಯಾತ್ಮ ಯಕ್ಷಗಾನದ ಕವಿ ಪಾರ್ತಿಸುಬ್ಬನ ಹೆಸರು ಕೇಳಿದ್ದರೆ ನನ್ನ ಕಿವಿ ಕತ್ತರಿಸಿ.

ಹಾಗಾಗಿ ಭಾವ ತಂದದ್ದು ಲೆಕ್ಕದ ಸೀಡಿಗಳು. ಅವು ಒಂದು ಸಲ ಬರೆದರೆ ಮುಗಿಯಿತು, ಅಳಿಸಲಾಗದು. ಜೊತೆಗೆ ಅಳಿಸಿ ಬರೆಯಬಹುದಾದ ಒಂದು ಆರ್‌ಡಬ್ಲ್ಯೂ ಇತ್ತು. ಇಂಥ ಯಂತ್ರ ಇದ್ದವರೆಲ್ಲ ಅಲ್ಲಿ ಹಾಗೆಯೇ ಮಾಡುತ್ತಿದ್ದರಂತೆ. ಮೊದಲು ಆರ್‌ಡಬ್ಲ್ಯೂನಲ್ಲಿ ಅಭ್ಯಾಸ, ಮಟ್ಟ ಸರಿಯಾದ ಮೇಲೆ ಒಳ್ಳೆಯ ಸೀಡಿ. ಆರ್‌ಡಬ್ಲ್ಯೂ ಬೆಳಕನ್ನು ಹಿಂದಕ್ಕೆ ಎಸೆಯುವುದು ಬಹಳ ಕಡಿಮೆ, ಹಳೆಯ ಪ್ಲೇಯರುಗಳಿಗೆ ಅದು ಕಾಣಿಸುವುದೇ ಇಲ್ಲ. ಅದಕ್ಕೇ ಅದು ಅಭ್ಯಾಸಕ್ಕೆ ಮಾತ್ರ.

ಮೊದಲ ಸಂಜೆ ಕ್ಯಾಸೆಟ್ಟಿನ ಶುಶ್ರೂಷೆ. ಸಣ್ಣ ಸ್ಕ್ರೂ ಬಿಚ್ಚಿ ಸುರುಳಿಯನ್ನು ಹೊಸ ಚಿಪ್ಪಿಗೆ ಹಾಕಿದೆವು. ಹತ್ತಿಗೆ ಸ್ಪಿರಿಟ್ ಅದ್ದಿ ಡೆಕ್ಕಿನ ಹೆಡ್ ಒರೆಸಿದೆವು. ಹೆಡ್‌ನ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದ ಹಾಗೆ ಮಸುಕಾಗಿದ್ದ ದನಿ ಬಿಚ್ಚಿಕೊಂಡಿತು. ಸಕಾರ ಶಕಾರ ಬೇರೆಯಾಗಿ ಕೇಳಿಸಿದ ಕ್ಷಣ ಒಳಗೆ ಅಕ್ಕಿ ಆರಿಸುತ್ತಿದ್ದ ದೊಡ್ಡಮ್ಮ ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ “ಸೌಂಡು ಸ್ವಲ್ಪ ಕಡಿಮೆ ಮಾಡಿ, ಅವರು ಅಷ್ಟು ಬೊಬ್ಬೆ ಹೊಡೆಯುತ್ತಿರಲಿಲ್ಲ” ಅಂದರು, ಮತ್ತೆ ಅಕ್ಕಿಗೆ ಹೋದರು.

ಸೌಂಡೇ ದೊಡ್ಡ ತಲೆನೋವು. ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡುವಾಗ ಸೂಜಿ ಕೆಂಪು ಗೆರೆಗೆ ಹೋದರೂ ಅದು ಹೇಗೋ ಸುಧಾರಿಸಿಕೊಳ್ಳುತ್ತದೆ. ಸೀಡಿಗೆ ಆ ದಾಕ್ಷಿಣ್ಯ ಇಲ್ಲ. ಸೊನ್ನೆ ಡೆಸಿಬೆಲ್ ದಾಟಿತೋ, ದನಿಯ ತಲೆ ಕತ್ತರಿಸಿಯೇ ಹೋಯಿತು, ಪಟ್ ಪಟ್ ಅಂತ ಒಡಕು. ತಾಳಮದ್ದಳೆಯಲ್ಲೋ ಚೆಂಡೆ ಪೆಟ್ಟು ಬಿದ್ದರೆ ಹಂಚು ಅದುರುತ್ತದೆ, ಮರುಕ್ಷಣ ಸಾಯುವ ವಾಲಿ ಪಿಸುಮಾತಿನಲ್ಲಿ ತಾರೆಯನ್ನು ಕರೆಯುತ್ತಾನೆ. ಚೆಂಡೆಗೆ ತಕ್ಕ ಹಾಗೆ ಇಟ್ಟರೆ ವಾಲಿ ಕೇಳಿಸುವುದಿಲ್ಲ, ವಾಲಿಗೆ ತಕ್ಕ ಹಾಗೆ ಇಟ್ಟರೆ ಚೆಂಡೆ ಒಡೆಯುತ್ತದೆ. ಭಾವ ಕೊನೆಗೆ ಚೆಂಡೆಯ ಪಕ್ಷ ವಹಿಸಿದರು. ಕೇಳುವಾಗ ವಾಲ್ಯೂಮ್ ತಿರುಗಿಸಿಕೊಳ್ಳಬಹುದು, ಒಡೆದದ್ದನ್ನು ಕೂಡಿಸಲಾಗದು ಅಂದರು. ಅದು ಸರಿಯಾದ ನ್ಯಾಯ ಅಂತ ನನಗೆ ಈಗಲೂ ಅನಿಸುತ್ತದೆ.

ಆರ್‌ಡಬ್ಲ್ಯೂಗೆ ಹಾಕಿ ನೋಡಿದಾಗ ಇನ್ನೊಂದು ಚೋದ್ಯ. ಯಂತ್ರಕ್ಕೆ ಹಾಡು ಮುಗಿದದ್ದು ತಿಳಿಯುವುದು ನಿಶ್ಶಬ್ದದಿಂದ. ಮೂರು ಸೆಕೆಂಡಿನ ಆಸುಪಾಸು ಸದ್ದಿಲ್ಲ ಅಂದರೆ ಒಂದು ಹಾಡು ಮುಗಿಯಿತು ಅಂತ ಲೆಕ್ಕ, ಮತ್ತೆ ಸದ್ದು ಬಂದಾಗ ಹೊಸ ಟ್ರ್ಯಾಕಿನ ನಂಬರು. ಸಿನಿಮಾ ಹಾಡಿಗೆ ಸರಿ. ಅರ್ಥಧಾರಿ ಅಂದರೆ ನಿಲ್ಲಿಸಿ ಮಾತಾಡುವವನು, ನಿಲುಗಡೆಯೇ ಅವನ ಅರ್ಧ ವಿದ್ಯೆ. ದೊಡ್ಡಪ್ಪ ಒಂದು ವಾಕ್ಯ ಹೇಳಿ, ಸಭೆಯನ್ನು ನೋಡಿ, ಉಸಿರೆಳೆದು ಇನ್ನೊಂದು ವಾಕ್ಯಕ್ಕೆ ಹೋಗುವಷ್ಟರಲ್ಲಿ ಯಂತ್ರ ಹೊಸ ನಂಬರು ಕೊಟ್ಟಾಗಿರುತ್ತಿತ್ತು. ವಾಲಿಯ ಒಂದೇ ಮಾತು ಚೂರುಚೂರಾಗಿ, ಟ್ರ್ಯಾಕುಗಳ ಲೆಕ್ಕ ನಲವತ್ತರ ಹತ್ತಿರ ಹೋಯಿತು. 99ರ ಮೇಲೆ ಸೀಡಿಯಲ್ಲಿ ನಂಬರೇ ಇಲ್ಲ.

ಮಾಸ್ಟ್ರು ಬಂದದ್ದು ಆಗ. ಕೊಡೆ ಮಡಚಿ ಮೂಲೆಗಿಟ್ಟು, ಪಂಚೆಯ ತುದಿ ಹಿಂಡಿ, “ಎಂತದ್ದೋ ಅಮೆರಿಕದ ಮಿಷನ್ ಬಂದಿದೆಯಂತೆ, ನನ್ನನ್ನು ಪರೀಕ್ಷೆ ಮಾಡಲಿಕ್ಕೆ?” ಅಂದರು. ಎಪ್ಪತ್ತು ದಾಟಿದ್ದರೂ ದನಿ ತರಗತಿಯದೇ. ಭಾವ ಪಾಪ, ಊರಿನ ಕಥೆ ಗೊತ್ತಿಲ್ಲದೆ, ನಿಶ್ಶಬ್ದ ಬಂದಲ್ಲೆಲ್ಲ ಯಂತ್ರ ಹೇಗೆ ತುಂಡು ಮಾಡುತ್ತದೆ ಅಂತ ವಿವರಿಸಿದರು. ಮಾಸ್ಟ್ರ ಮುಖ ಸಣ್ಣದಾಯಿತು. ಆ ಪ್ರಶ್ನೆಯ ಜಾಗಕ್ಕೆ ಹೋಗಿ ಅಂದರು. ಹೋದೆವು. ಕೇಳಿದೆವು.

ಅಲ್ಲಿ ಮಾತ್ರ ಯಂತ್ರ ತುಂಡು ಮಾಡಿರಲಿಲ್ಲ!

ಪ್ರಶ್ನೆಗೆ ಸ್ವಲ್ಪ ಮೊದಲು, 1981ರ ಆ ರಾತ್ರಿ, ಮಳೆ ಹೊಡೆಯಲು ಶುರುವಾಗಿತ್ತು. ಹಂಚಿನ ಮೇಲಿನ ಮಳೆಯ ಸದ್ದು ಟೇಪಿನಲ್ಲಿ ಸಾಕಷ್ಟು ದೊಡ್ಡದಾಗಿಯೇ ಇತ್ತು. ಯಂತ್ರದ ಪಾಲಿಗೆ ಅದು ನಿಶ್ಶಬ್ದವಲ್ಲ, ಕಾರ್ಯಕ್ರಮ ನಡೆಯುತ್ತಿದೆ ಅಂತಲೇ ಅರ್ಥ. ಭಾವ ಇದನ್ನು ಹೇಳಿ ಮುಗಿಸುವ ಮೊದಲೇ ಮಾಸ್ಟ್ರು ತೊಡೆ ತಟ್ಟಿದರು. “ನೋಡಿದಿರಾ? ತಡವರಿಸಿದ್ದು ವಾಲಿ, ನಲವತ್ತು ಸಲ. ರಾಮ ಒಂದು ಸಲವೂ ಇಲ್ಲ. ಇದು ಊರವರ ಹಾಗಲ್ಲ, ನ್ಯಾಯವಂತ ಮಿಷನ್.”

“ಗಡಿಯಾರ ನೋಡಿ ಮಾಸ್ಟ್ರೇ” ಅಂದರು ಒಳಗಿನಿಂದ ದೊಡ್ಡಮ್ಮ.

ಯಂತ್ರದ ಮುಖದಲ್ಲಿ ಸೆಕೆಂಡು ಓಡುತ್ತಿತ್ತಲ್ಲ. ಮತ್ತೆ ಹಾಕಿ ನೋಡಿದೆವು. ವಾಲಿಯ “ಯಾವುದು?” ಮುಗಿದಲ್ಲಿಂದ ರಾಮನ ಮೊದಲ ಅಕ್ಷರದವರೆಗೆ 11 ಸೆಕೆಂಡು. ಬರೀ ಮಳೆ. ಮಾಸ್ಟ್ರು ಒಂದು ಗಳಿಗೆ ಸುಮ್ಮನಿದ್ದು, “ಹನ್ನೊಂದೇ!” ಅಂದರು. ಊರವರ ವೀಳ್ಯದ ಲೆಕ್ಕಕ್ಕೆ ಹೋಲಿಸಿದರೆ ಅದೂ ಗೆಲುವೇ ತಾನೆ?

ಮರುದಿನ ರಾತ್ರಿ ಒಳ್ಳೆಯ ಸೀಡಿ ಹಾಕಿ, ತಾನಾಗಿ ತುಂಡು ಮಾಡುವ ಬುದ್ಧಿಯನ್ನು ಬಂದ್ ಮಾಡಿ, ಕೂತೆವು. ಭಾಗವತರ ಪದ ಶುರುವಾದಲ್ಲೆಲ್ಲ ಗುಂಡಿ ಒತ್ತಿ ನಂಬರು ಕೊಡುವ ಕೆಲಸ ನನಗೆ. ಸುದ್ದಿ ಹೋಗಿ ನೆರೆಕರೆಯವರೂ ಬಂದಿದ್ದರು. ಚಹಾ, ಹಲಸಿನ ಹಪ್ಪಳ, ಒಂದು ಥರದಲ್ಲಿ ಮತ್ತೆ ತಾಳಮದ್ದಳೆಯೇ. ರೆಕಾರ್ಡಿಂಗ್ ಅಂದರೆ ಮೈಕು ಇರುತ್ತದೆ ಅಂದುಕೊಂಡು ಕೆಮ್ಮು ತಡೆದುಕೊಂಡವರಿಗೆ, ವೈರಿನಲ್ಲಿ ಹೋಗುವುದಕ್ಕೆ ಕೆಮ್ಮು ಅಡ್ಡಿಯಿಲ್ಲ ಅಂತ ಹೇಳಿ ಪ್ರಯೋಜನವಾಗಲಿಲ್ಲ. ಕ್ಯಾಸೆಟ್ಟಿನ ಮೊದಲ ಬದಿ ಮುಗಿಯಿತು, ತಿರುಗಿಸಿ ಹಾಕಿದೆವು. ವಾಲಿ ಪ್ರಶ್ನೆಗೆ ಬಂದ. “ಹೆದರಿಯೋ, ನಾಚಿಯೋ...” ಅನ್ನುವಾಗ ಕರೆಂಟು ಹೋಯಿತು.

ಇಂಥ ಯಂತ್ರದಲ್ಲಿ ಅದಕ್ಕಿಂತ ಕೆಟ್ಟದ್ದಿಲ್ಲ. ಎಷ್ಟು ಟ್ರ್ಯಾಕು, ಎಲ್ಲಿಂದ ಎಲ್ಲಿಯವರೆಗೆ ಅನ್ನುವ ಲೆಕ್ಕವನ್ನು ಅದು ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ ಸೀಡಿಯ ಒಳಅಂಚಿನಲ್ಲಿ ಬರೆದುಕೊಳ್ಳುತ್ತದೆ. ಎಲ್ಲ ಮುಗಿದ ಮೇಲೆ ‘ಫೈನಲೈಸ್’ ಅಂತ ಇನ್ನೊಂದು ಶಾಸ್ತ್ರ ಇದೆ, ಎರಡು ಮೂರು ನಿಮಿಷದ್ದು. ಆಗ ಪರಿವಿಡಿ ಅಚ್ಚಾಗಿ ಬೇರೆ ಪ್ಲೇಯರುಗಳಿಗೂ ಸೀಡಿ ಓದಲು ಬರುತ್ತದೆ. ನಡುವೆ ಕರೆಂಟು ಹೋದರೆ ದನಿ ಸೀಡಿಯಲ್ಲಿದ್ದರೂ ವಿಳಾಸ ಇಲ್ಲ. ಭಾವ ಕತ್ತಲಲ್ಲೇ ಇಂಗ್ಲಿಷಿನಲ್ಲಿ ಏನೋ ಗೊಣಗಿದರು.

ದೊಡ್ಡಮ್ಮ ಚಿಮಿಣಿ ಹಚ್ಚಿಕೊಂಡು ಬಂದರು. ಯಾರೂ ಏಳಲಿಲ್ಲ. ಮಳೆಯಲ್ಲಿ ಏಳುವುದಾದರೂ ಎಲ್ಲಿಗೆ? ಆಗ ಮಾಸ್ಟ್ರು ಗಂಟಲು ಸರಿಮಾಡಿಕೊಂಡು, ಕೂತಲ್ಲೇ ಬೆನ್ನು ನೇರ ಮಾಡಿ ಶುರು ಮಾಡಿದರು:

“ನಾಚಿದೆ ವಾಲೀ. ಹೌದು, ನಾಚಿಯೇ ಮರೆಗೆ ನಿಂತೆ. ದಂಡಿಸಬೇಕಾದದ್ದು ರಾಜಧರ್ಮ, ಕೊಲ್ಲುವಾಗ ನಾಚಬೇಕಾದದ್ದು ಮನುಷ್ಯಧರ್ಮ. ನಾಚಿಕೆಯಿಲ್ಲದೆ ಕೊಲ್ಲುವವನು ಕಟುಕ. ನನ್ನನ್ನು ಕಟುಕನಾಗು ಅನ್ನುತ್ತೀಯಾ?”

ಟೇಪಿನಲ್ಲಿದ್ದದ್ದೂ ಹೆಚ್ಚುಕಡಿಮೆ ಇದೇ ಮಾತು. ಆದರೆ ಎದುರಿಗೆ ಕೂತು ಕೇಳಿದಾಗ ಬೇರೆಯೇ. ಯಾರೋ “ಭೇಷ್” ಅಂದರು. ಮಾಸ್ಟ್ರು ನನ್ನ ಕಡೆ ತಿರುಗಿ, “ಈಗ ಎಷ್ಟು ಸೆಕೆಂಡಾಯಿತು?” ಅಂತ ಕೇಳಿದರು.

“ಇಪ್ಪತ್ತು ವರ್ಷ ಸಿಕ್ಕಿದರೆ ಯಾರೂ ಹೇಳುತ್ತಾರೆ” ಅಂದರು ದೊಡ್ಡಮ್ಮ.

ಚಾವಡಿಯಿಡೀ ನಕ್ಕಿತು, ಮಾಸ್ಟ್ರೂ ನಕ್ಕರು. ನಗು ಇಳಿದ ಮೇಲೆ ದೊಡ್ಡಮ್ಮ ದೀಪದ ಬತ್ತಿ ಸರಿಮಾಡುತ್ತಾ, “ಅವತ್ತು ರಾತ್ರಿ ಎಲ್ಲ ಹೋದ ಮೇಲೆ ಅವರು ಮಲಗಲಿಲ್ಲ. ಆ ಮಾತಿಗೆ ವಾಲಿಯ ಹತ್ತಿರ ಉತ್ತರ ಇಲ್ಲ ಅಂದರು. ಭಾಗವತರು ಪದ ಎತ್ತಿದ್ದಕ್ಕೆ ನಾನು ಬಚಾವಾದೆ ಅಂದರು” ಅಂತ ಹೇಳಿದರು.

“ಅದನ್ನು ನನಗೆ ಹೇಳಬಹುದಿತ್ತಲ್ಲ ಅಕ್ಕ? ಊರು ಇಷ್ಟು ವರ್ಷ...”

“ನೀವು ಕೇಳಲಿಲ್ಲ. ನೀವು ತಕ್ಷಣ ಹೇಳಿದ್ದೇನೆ ಅಂತ ಜಗಳ ಮಾಡುತ್ತಿದ್ದಿರಿ. ಅವರಾಗಿ ಹೇಳುವ ಜನ ಅಲ್ಲ, ನಿಮಗೇ ಗೊತ್ತುಂಟು.”

ಮರುದಿನ ಕರೆಂಟು ಬಂದ ಮೇಲೆ ಟೇಪು ಹಾಕಿ ನಾವು ಮೊದಲು ಕೇಳಿದ್ದೇ ಆ ಜಾಗ. ಹೌದು, ರಾಮನ ಮಾತು ನಿಂತ ಬೆನ್ನಿಗೇ, ಚೂರೂ ಬಿಡುವಿಲ್ಲದೆ, ಜಾಗಟೆ ಬಿದ್ದು ಪದ ಏರಿತ್ತು. ವಾಲಿಗೆ ಬಾಯಿ ತೆರೆಯುವ ಸಂದರ್ಭವನ್ನೇ ಭಾಗವತರು ಕೊಟ್ಟಿರಲಿಲ್ಲ. ಭಾಗವತರೆಂದರೆ ಹಾಗೆ, ಇಬ್ಬರಲ್ಲಿ ಯಾರು ಮುಳುಗುತ್ತಿದ್ದಾರೆ ಅಂತ ಅವರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಊರು ಆ ಹನ್ನೊಂದು ಸೆಕೆಂಡನ್ನು ಹಿಡಿದುಕೊಂಡಿತು, ಇದನ್ನು ಯಾರೂ ಗಮನಿಸಿರಲಿಲ್ಲ. ಗಮನಿಸುವಂಥ ಮೌನ ಅಲ್ಲಿ ಇರಲೇ ಇಲ್ಲವಲ್ಲ.

ಕರೆಂಟು ಹೋದ ಸೀಡಿಯನ್ನು ಯಂತ್ರ ಒಳಗೆಳೆದುಕೊಂಡು ಬಹಳ ಹೊತ್ತು ಗಿರಗಿರ ಅಂದು ವಾಪಸು ಉಗುಳಿತು. ಹೊಸದು ಹಾಕಿದೆವು. ಹಗಲು ಹೊತ್ತು, ಮಳೆ ಬಿಟ್ಟಿತ್ತು. ಈ ಸಲ ತಕರಾರು ಬೇರೆ. ಎಂಟನೇ ನಂಬರನ್ನು ಎಲ್ಲಿ ಕೊಡಬೇಕು? ಪ್ರಶ್ನೆ ಶುರುವಾಗುವಲ್ಲಿ ಅಂದರು ದೊಡ್ಡಮ್ಮ. ಮಾಸ್ಟ್ರು ಅಷ್ಟರಲ್ಲಿ ಸೀಡಿಯ ಸ್ವಭಾವ ಪೂರ್ತಿ ಅರೆದು ಕುಡಿದಿದ್ದರು. ನಂಬರು ಒತ್ತಿದರೆ ಆ ಜಾಗಕ್ಕೇ ನೆಗೆಯುತ್ತದೆ, ಹಿಂದಿನದು ಕೇಳಿಸುವುದಿಲ್ಲ. ಆದ್ದರಿಂದ ನಂಬರು ‘ನಾಚಿದೆ’ ಅನ್ನುವಲ್ಲಿಗೇ ಬೀಳಬೇಕು! ಒತ್ತಿದ ಕೂಡಲೇ ಉತ್ತರ. ಭಾವ ಎರಡೂ ಕಡೆ ಕೊಡಿಸಿ ರಾಜಿ ಮಾಡಿದರು. ಎಂಟು ವಾಲಿಯ ಪ್ರಶ್ನೆ, ಅದರ ಬಾಲಕ್ಕೆ ಮಳೆಯ 11 ಸೆಕೆಂಡು. ಒಂಬತ್ತು ರಾಮನ ಉತ್ತರ. ಒಂಬತ್ತರ ಗುಂಡಿ ಒತ್ತುವಾಗ ಮಾಸ್ಟ್ರು ನನ್ನ ಕೈಯ ಮೇಲೆಯೇ ಬಗ್ಗಿದ್ದರು.

ಉಳಿದ ಸೀಡಿಗಳಲ್ಲಿ ನಕಲು ತೆಗೆದೆವು. ಬೆಳಕಿನ ವೈರಿನಲ್ಲಿ ನೇರ ಡಿಜಿಟಲ್ ನಕಲು ಬಂತು. ಆ ನಕಲಿನಿಂದ ಮತ್ತೊಂದು ತೆಗೆಯಹೊರಟರೆ ಯಂತ್ರ ಒಪ್ಪಲಿಲ್ಲ. ನಕಲಿನ ನಕಲಿಗೆ ಅದರಲ್ಲಿ ಬೀಗ. ಇದು ನಮ್ಮದೇ ಮನೆಯ ದನಿ ಅಂದರೆ ಕೇಳುವ ಕಿವಿ ಅದಕ್ಕಿಲ್ಲ. ಕೆಂಪು ಬಿಳಿ ವೈರಿನ ಹಳೆಯ ದಾರಿಗೆ ಮಾತ್ರ ಬೀಗ ಇರಲಿಲ್ಲ, ಅದರಲ್ಲೇ ಮಾಸ್ಟ್ರಿಗೆ ಒಂದು ಸಿಕ್ಕಿತು. ಅವರ ಮನೆಯಲ್ಲಿ ಸೀಡಿ ಪ್ಲೇಯರ್ ಇರಲಿಲ್ಲ. ಪ್ಲೇಯರ್ ಇದ್ದವರ ಮನೆಗೆ ಸೀಡಿ ಹಿಡಿದುಕೊಂಡು ಹೋಗುತ್ತಿದ್ದರು, ಒಂಬತ್ತನೆಯದು ಹಾಕಿ ಅನ್ನುತ್ತಿದ್ದರು.

ಕೆಲವು ವರ್ಷಗಳ ಮೇಲೆ ಅವರ ಮೊಮ್ಮಗ ಅದನ್ನು ಪೇಟೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನಕಲು ಮಾಡಿಸಿ ಬಂಧುಗಳಿಗೆಲ್ಲ ಹಂಚಿದ. ಒಂದು ಸಂಜೆ ಮಾಸ್ಟ್ರ ಫೋನು ಬಂತು. ದನಿಯಲ್ಲಿ ಬೆಂಕಿ. ಇಡೀ ಸೀಡಿ ಮೊದಲಿನಿಂದ ಹಾಕಿ ಕೇಳಿದರಂತೆ, ಕೈಯಲ್ಲಿ ವಾಚು ಹಿಡಿದು.

“ಹನ್ನೊಂದಲ್ಲ ಮಾರಾಯ, ಹದಿಮೂರಾಗಿದೆ!”

ಆಗಿದ್ದು ಇಷ್ಟೆ. ಕಂಪ್ಯೂಟರಿನಲ್ಲಿ ಬರೆಯುವಾಗ, ಬೇಡ ಅಂತ ಹೇಳದಿದ್ದರೆ, ಅದು ಎರಡು ಟ್ರ್ಯಾಕುಗಳ ನಡುವೆ 2 ಸೆಕೆಂಡು ಖಾಲಿ ಜಾಗ ತಾನೇ ಬಿಡುತ್ತದೆ. ಎಂಟು ಮತ್ತು ಒಂಬತ್ತರ ನಡುವೆಯೂ ಬಿಟ್ಟಿತ್ತು. ಅದೂ ಮಳೆಯಿಲ್ಲದ, ಅಪ್ಪಟ ಎರಡು ಸೆಕೆಂಡು. ನಾನು ಇದನ್ನೆಲ್ಲ ವಿವರಿಸಿದೆ. ಮಾಸ್ಟ್ರು ಪೂರ್ತಿ ಕೇಳಿಸಿಕೊಂಡರು.

“ಹಾಗಾದರೆ ಕಂಪ್ಯೂಟರೂ ಊರವರ ಪಾರ್ಟಿಯೇ” ಅಂದು ಫೋನ್ ಇಟ್ಟರು.